ಇನ್‌ಫೀಲ್ಡ್ ಫ್ಲೈ ಮತ್ತು ಫೋರ್ಸ್ ಔಟ್: ನಿಮ್ಮ ಎರಡು ಪ್ರಶ್ನೆಗಳಿಗೆ ಉತ್ತರ

ನಮಸ್ಕಾರ. ಸಾಫ್ಟ್‌ಬಾಲ್ ಪಂದ್ಯದಲ್ಲಿ ಒಬ್ಬರು ಔಟಾಗಿ, ಒಂದನೆಯ ಮತ್ತು ಎರಡನೆಯ ಬೇಸ್‌ಗಳಲ್ಲಿ ರನ್ನರ್‌ಗಳಿದ್ದಾಗ ಚೆಂಡು ಎತ್ತರಕ್ಕೆ ಹೋಯಿತು, ಅಂಪೈರ್ ‘ಇನ್‌ಫೀಲ್ಡ್ ಫ್ಲೈ’ (ಬೇಸ್‌ಗಳ ಬಳಿಯ ಫೀಲ್ಡರ್, ಅಂದರೆ ಇನ್‌ಫೀಲ್ಡರ್, ಸುಲಭವಾಗಿ ಹಿಡಿಯಬಹುದಾದ ಎತ್ತರದ ಹೊಡೆತ) ಎಂದು ಕೂಗಿದರು, ಆದರೆ ಚೆಂಡು ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಎರಡನೆಯ ಬೇಸ್‌ನ ರನ್ನರ್ ಮೂರನೆಯದಕ್ಕೆ ಓಡಿದಾಗ ಅಲ್ಲಿದ್ದ ಫೀಲ್ಡರ್ ಚೆಂಡು ಹಿಡಿದು ಬೇಸ್ ತುಳಿದರೂ ಔಟ್ ಕೊಡಲಿಲ್ಲ ಎಂದು ಬರೆದಿದ್ದೀರಿ. ಅಂಪೈರ್ ತೀರ್ಪು ಸರಿಯಾಗಿದೆ.

ಬ್ಯಾಟರ್ ರನ್ನರ್ ಆಗಿ ಮೊದಲ ಬೇಸ್‌ಗೆ ಬರುವ ಕಾರಣದಿಂದ ತನ್ನ ಜಾಗವನ್ನು ಬಿಟ್ಟುಕೊಡಲೇಬೇಕಾದ ರನ್ನರ್‌ಗೆ ಮಾತ್ರ ಫೋರ್ಸ್ (ಚೆಂಡು ಹಿಡಿದು ಮುಂದಿನ ಬೇಸ್ ತುಳಿದಷ್ಟಕ್ಕೇ ಔಟ್) ಅನ್ವಯಿಸುತ್ತದೆ. ಇನ್‌ಫೀಲ್ಡ್ ಫ್ಲೈ ಘೋಷಣೆಯಾದರೆ, ಚೆಂಡನ್ನು ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್. ಹಿಂದಿನಿಂದ ತಳ್ಳುವವರೇ ಇಲ್ಲದ ಮೇಲೆ ಫೋರ್ಸ್ ಉಳಿಯುವುದಿಲ್ಲ. ಆದ್ದರಿಂದ ಮೂರನೆಯ ಬೇಸ್‌ನಲ್ಲಿ ರನ್ನರ್‌ನ ಮೈಗೆ ಚೆಂಡು ಮುಟ್ಟಿಸಿ ಟ್ಯಾಗ್ ಮಾಡಬೇಕಿತ್ತು. ಆಟ ಅಲ್ಲಿಗೆ ನಿಲ್ಲುತ್ತದೆ ಎಂಬುದೂ ತಪ್ಪು ತಿಳಿವಳಿಕೆ: ಚೆಂಡು ಜೀವಂತವಾಗಿಯೇ ಇರುತ್ತದೆ, ರನ್ನರ್‌ಗಳು ತಮ್ಮ ಹೊಣೆಯಲ್ಲಿ ಓಡಬಹುದು. ಫೀಲ್ಡರ್ ಸುಲಭದ ಕ್ಯಾಚನ್ನು ಬೇಕೆಂದೇ ಕೈಬಿಟ್ಟು, ಬೇಸ್ ಬಿಡಲಾಗದೆ ನಿಂತ ಇಬ್ಬರನ್ನು ಔಟ್ ಮಾಡುವುದನ್ನು ತಡೆಯಲೆಂದೇ ಈ ನಿಯಮವಿದೆ. ಹಾಗಾಗಿಯೇ ಇದು ಇಬ್ಬರು ಔಟಾಗುವ ಮೊದಲು, ಒಂದು ಮತ್ತು ಎರಡನೆಯ ಬೇಸ್ ಅಥವಾ ಮೂರೂ ಬೇಸ್‌ಗಳು ತುಂಬಿದ್ದಾಗ, ಇನ್‌ಫೀಲ್ಡರ್ ಸಾಧಾರಣ ಪ್ರಯತ್ನದಿಂದ ಹಿಡಿಯಬಹುದಾದ ಫೇರ್ (ಗೆರೆಗಳ ಒಳಗಿನ) ಚೆಂಡಿಗೆ ಮಾತ್ರ ಅನ್ವಯಿಸುತ್ತದೆ. ಬಂಟ್‌ಗೂ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲನೆ ತಾಗಿಸುವುದು) ನೇರವಾಗಿ ಚಿಮ್ಮುವ ಹೊಡೆತಕ್ಕೂ ಅನ್ವಯಿಸುವುದಿಲ್ಲ. ಚೆಂಡು ಕೊನೆಗೆ ಫೌಲ್ (ಗೆರೆಯ ಹೊರಗೆ) ಆದರೆ ಘೋಷಣೆ ರದ್ದಾಗುತ್ತದೆ. ಗೆರೆಯ ಹತ್ತಿರ ಅಂಪೈರ್ ‘ಫೇರ್ ಆದರೆ’ ಎಂದು ಸೇರಿಸಿ ಕೂಗುವುದು ಇದಕ್ಕಾಗಿಯೇ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಇನ್ನೂ ಮುಖ್ಯವೆನಿಸಿತು, ಏಕೆಂದರೆ ಇಲ್ಲಿ ಅನುಭವಿಗಳೂ ಎಡವುತ್ತಾರೆ. ಒಬ್ಬರು ಔಟಾಗಿದ್ದಾಗ ಔಟ್‌ಫೀಲ್ಡರ್ ಕ್ಯಾಚ್ ಹಿಡಿದರು, ಮೂರನೆಯ ಬೇಸ್‌ನ ರನ್ನರ್ ನಿಯಮದಂತೆ ಚೆಂಡು ಫೀಲ್ಡರ್‌ಗೆ ತಾಗುವವರೆಗೆ ಬೇಸ್‌ನಲ್ಲೇ ಕಾದು, ಓಡಿ ಹೋಮ್ ಪ್ಲೇಟ್ (ರನ್ ಸಿಗುವ ಕೊನೆಯ ಬೇಸ್) ಮುಟ್ಟಿದರು, ಆಮೇಲೆ, ಮೊದಲೇ ಬೇಸ್ ಬಿಟ್ಟು ಓಡಿದ್ದ ಒಂದನೆಯ ಬೇಸ್‌ನ ರನ್ನರ್‌ ಅಲ್ಲಿಗೆ ಬಂದ ಚೆಂಡಿನಿಂದ ಮೂರನೆಯ ಔಟ್ ಆದರು; ಆ ರನ್ ಸಿಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ರನ್ ಲೆಕ್ಕಕ್ಕೆ ಬರುತ್ತದೆ. ಬೇಸ್ ತುಳಿದು ಔಟ್ ಮಾಡಿದ್ದರಿಂದ ಫೋರ್ಸ್‌ನಂತೆ ಕಂಡರೂ ಇದು ಫೋರ್ಸ್ ಅಲ್ಲ. ಕ್ಯಾಚ್ ಆದಾಗಲೇ ಬ್ಯಾಟರ್ ಔಟಾಗಿದ್ದರು. ಇಂಥಲ್ಲಿ ಪ್ಲೇಟ್ ಮುಟ್ಟಿದ್ದು ಮೊದಲೋ, ಔಟ್ ಮೊದಲೋ ಎಂಬುದಷ್ಟೇ ಪ್ರಶ್ನೆ. ಕಾದು ಓಡುವವರು ಕ್ಯಾಚ್ ಪೂರ್ತಿಯಾಗುವವರೆಗೆ ನಿಲ್ಲಬೇಕಿಲ್ಲ ಎಂಬುದನ್ನೂ ನೆನಪಿಡಿ: ಫೀಲ್ಡರ್‌ನ ಗ್ಲೌಸ್‌ಗೆ ಚೆಂಡು ಮೊದಲು ತಾಗಿದ ಕ್ಷಣದಲ್ಲೇ ಹೊರಡಬಹುದು.

ಕೈಯೂ ಬ್ಯಾಟಿನ ಭಾಗ ಎಂದು ಗುಂಪಿನಲ್ಲಿ ಬೇರೆಯವರು ಬರೆದದ್ದು ತಪ್ಪು. ಬ್ಯಾಟ್ ಬೀಸುವಾಗ ಪಿಚ್ (ಬ್ಯಾಟರ್‌ಗೆ ಎಸೆದ ಚೆಂಡು) ಕೈಗೆ ತಗುಲಿದರೆ ಚೆಂಡು ನಿರ್ಜೀವ, ಅದು ಸ್ಟ್ರೈಕ್ (ಮೂರಾದರೆ ಬ್ಯಾಟರ್ ಔಟ್). ಮೊದಲ ಬೇಸ್ ದಾಟಿ ಓಡಿದವರು ಎಡಕ್ಕೆ ತಿರುಗಿದ ಮಾತ್ರಕ್ಕೆ ಔಟಾಗುವುದಿಲ್ಲ. ಎರಡನೆಯ ಬೇಸ್ ಕಡೆಗೆ ಹೋಗಲು ಯತ್ನಿಸಿದರೆ ಮಾತ್ರ ಟ್ಯಾಗ್‌ಗೆ ಗುರಿಯಾಗುತ್ತಾರೆ.

ಎರಡು ಸ್ಟ್ರೈಕ್‌ಗಳ ನಂತರದ ಫೌಲ್ ಹೊಡೆತಕ್ಕೆ ಔಟ್ ಕೊಡುವ ಪದ್ಧತಿ ಸ್ಲೋ ಪಿಚ್ (ಚೆಂಡನ್ನು ನಿಧಾನವಾಗಿ ಎಸೆಯುವ ಆಟ) ಲೀಗ್‌ಗಳಲ್ಲಿ ಸಾಮಾನ್ಯ, ವೇಗವಾಗಿ ಎಸೆಯುವ ಫಾಸ್ಟ್ ಪಿಚ್‌ನಲ್ಲಿ ಹಾಗಿಲ್ಲ. ನಿಮ್ಮ ಲೀಗ್ ಯಾವುದನ್ನು ಅನುಸರಿಸುತ್ತದೆ ಎಂಬುದನ್ನು ಪಂದ್ಯಕ್ಕೆ ಮುಂಚೆಯೇ ಅಂಪೈರ್ ಬಳಿ ಕೇಳಿಕೊಳ್ಳಿ.