ಮೆಂಬರರ ಮನೆಗೆ ಎಷ್ಟು ಸಲ ಹೋಗುವುದು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು ಬರೆದ ಪತ್ರದ ಸಾರ ಇದು: "ನಮ್ಮ ನೆರೆಯಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರಿದ್ದಾರೆ. ಗಂಡ ಬಿಟ್ಟುಹೋದ ಮೇಲೆ ತವರಿಗೆ ಬಂದವರು. ಇಬ್ಬರು ಹೆಣ್ಣುಮಕ್ಕಳೊಂದಿಗೆ ಅಣ್ಣನ ಜಾಗದ ಮೂಲೆಯಲ್ಲಿ ಟರ್ಪಾಲಿನ ಶೆಡ್ಡಿನಲ್ಲಿ ವಾಸ. ರೇಷನ್ ಕಾರ್ಡು ಮಾತ್ರ ಅಣ್ಣನ ಮನೆಯದ್ದೇ. ಮನೆಯಿಲ್ಲದವರಿಗೆ ಮನೆ ಕೊಡುವ ಕೇರಳ ಸರಕಾರದ ಲೈಫ್ ಯೋಜನೆಯ ಪಟ್ಟಿಯಲ್ಲಿ ಹೆಸರಿಲ್ಲ. ಅದೇ ದಾರಿಯಲ್ಲಿ ಇನ್ನೊಂದು ಸಂಸಾರ. ಅವರ ಹೆಸರು ಪಟ್ಟಿಯಲ್ಲಿದೆ, ಮನೆ ಬಂದಿಲ್ಲ. ಪಂಚಾಯತ್ ಮೆಂಬರರನ್ನು ಕೇಳಿದರೆ 'ಫಂಡ್ ಬರಬೇಕು' ಅನ್ನುತ್ತಾರೆ. ನೀವು ಪತ್ರಿಕೆಯವರು ಯಕ್ಷಗಾನ, ಕನ್ನಡ ಶಾಲೆ ಅಂತ ಪುಟ ತುಂಬಿಸುತ್ತೀರಿ. ಇದನ್ನು ಯಾಕೆ ಬರೆಯುವುದಿಲ್ಲ? ತಿರುವನಂತಪುರಕ್ಕೆ ಬರೆದರೆ ಈ ಮೂಲೆಯ ಕನ್ನಡ ಕಾಗದ ಓದುವವರಾದರೂ ಇದ್ದಾರಾ?"

ಮಾಷ್ಟ್ರೇ,

ಯಕ್ಷಗಾನದ ಪುಟ ಕಡಿಮೆ ಮಾಡಿದರೆ ನಿಮ್ಮಿಂದಲೇ ಇನ್ನೊಂದು ಪತ್ರ ಬರುತ್ತದೆ, ಅದು ನನಗೆ ಗೊತ್ತು. ಆದರೂ ನಿಮ್ಮ ದೂರು ನ್ಯಾಯವಾದದ್ದೇ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಬೇಸರಿಸಬೇಡಿ.

ನೀವು ಎರಡು ಸಂಸಾರಗಳ ಕಥೆಯನ್ನು ಒಟ್ಟಿಗೆ ಬರೆದಿದ್ದೀರಿ. ಮಳೆಗೆ ಇಬ್ಬರೂ ನೆನೆಯುತ್ತಾರೆ, ನಿಜ. ಆದರೆ ಒಬ್ಬರನ್ನು ಕಾಡುತ್ತಿರುವುದು ನಿಯಮ, ಇನ್ನೊಬ್ಬರನ್ನು ಕಾಡುತ್ತಿರುವುದು ದುಡ್ಡು. ಎರಡೂ ಮೆಂಬರರ ಕೈಯಲ್ಲಿಲ್ಲ. ನಾವು ಅವರ ಮನೆಯ ಮೆಟ್ಟಿಲು ಸವೆಸುತ್ತೇವೆ, ಅವರು ಚಾ ಕೊಟ್ಟು ಕಳಿಸುತ್ತಾರೆ. ಪಾಪ, ಇನ್ನೇನು ಮಾಡಿಯಾರು?

ಮೊದಲು ಆ ಬೀಡಿ ಕಟ್ಟುವ ಅಕ್ಕನ ವಿಷಯ. ಲೈಫ್ ಯೋಜನೆಯ ಲೆಕ್ಕದಲ್ಲಿ ಒಂದು ರೇಷನ್ ಕಾರ್ಡು ಅಂದರೆ ಒಂದು ಕುಟುಂಬ. ಅಣ್ಣನಿಗೆ ವಾರ್ಪಿನ (ಕಾಂಕ್ರೀಟ್ ಮಾಡಿನ) ಮನೆ ಇದ್ದರೆ, ಕಾಗದದ ಮೇಲೆ ತಂಗಿಗೂ ಮನೆ ಇದೆ! 2020ರಲ್ಲಿ ಹೊಸದಾಗಿ ಅರ್ಜಿ ಕರೆದಾಗ ಒಂಬತ್ತು ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದವು. ಆಗ ಇಟ್ಟ ಷರತ್ತು, ಆ ವರ್ಷದ ಜುಲೈ 1ಕ್ಕೆ ಮೊದಲೇ ಸ್ವಂತ ರೇಷನ್ ಕಾರ್ಡು ಇರಬೇಕು ಅಂತ. ಪರಿಶಿಷ್ಟರಿಗೆ, ಮೀನುಗಾರರಿಗೆ ಸಡಿಲಿಕೆ ಇತ್ತು, ಉಳಿದವರಿಗೆ ಇಲ್ಲ. ಈಗ ಸರಕಾರಿ ಆನ್‌ಲೈನ್ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೆ ಹೋಗಿ ಕಾರ್ಡು ಬೇರೆ ಮಾಡಿಸಿದರೂ ಆ ಹಳೇ ಪಟ್ಟಿಗೆ ಸೇರಲಾಗದು. ಮುಂದಿನ ಪಟ್ಟಿಗೆ ಬೇಕಾದೀತು, ಆದ್ದರಿಂದ ಮಾಡಿಸಿಬಿಡಲಿ.

ಈ ನಿಯಮ ಸುಮ್ನೆ ಬಂದದ್ದಲ್ಲ. ಕಾರ್ಡು ಒಡೆದು ಒಂದೇ ಮನೆಯವರು ಎರಡು ಮೂರು ಮನೆ ಹೊಡೆದುಕೊಳ್ಳಬಾರದು ಅಂತ ಮಾಡಿದ್ದು. ಅಂಥವರನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಆದರೆ ತವರಿಗೆ ಮರಳಿ ಅಣ್ಣನ ಕಾರ್ಡಿಗೆ ಹೆಸರು ಸೇರಿಸಿಕೊಂಡ ಹೆಂಗಸು ಅದೇ ಜಾಲರಿಗೆ ಸಿಕ್ಕಿಬೀಳುತ್ತಾಳೆ. ಕಲೆಕ್ಟರರ ತನಕ ಮೇಲ್ಮನವಿ ಹೋದರೂ ಅಲ್ಲಿ ನೋಡುವುದು ನಿಯಮದ ಪ್ರಕಾರ ನಡೆದಿದೆಯಾ ಅಂತ. ನಿಯಮವೇ ಸರಿ ಉಂಟಾ ಅಂತ ಕೇಳಬೇಕಾದರೆ ಸರಕಾರವನ್ನು ಕೇಳಬೇಕು. ಸರಕಾರ ಬಾಯಿಬಿಟ್ಟು ಉತ್ತರ ಹೇಳಲೇಬೇಕಾದ ಜಾಗ ನಿಯಮಸಭೆ, ಅಂದರೆ ಕೇರಳದ ವಿಧಾನಸಭೆ.

ಇನ್ನು ಎರಡನೇ ಸಂಸಾರ. 'ಫಂಡ್ ಬರಬೇಕು' ಅಂದರೆ ಯಾವ ಫಂಡ್? ಈ ಮಾತನ್ನು ಯಾರೂ ಕೇಳುವುದಿಲ್ಲ. ಬಹಳ ವರ್ಷಗಳಿಂದ ಲೈಫ್ ಮನೆಗೆ ಸಾಮಾನ್ಯವಾಗಿ ಕೊಡುತ್ತಾ ಬಂದದ್ದು 4 ಲಕ್ಷ ರೂಪಾಯಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಗೂ ಸೇರಿದ ಮನೆಯಾದರೆ ಅದರಲ್ಲಿ ಕೇಂದ್ರದ ಪಾಲು 72,000 ರೂಪಾಯಿ. ಉಳಿದದ್ದು ರಾಜ್ಯದ್ದು, ಪಂಚಾಯತಿನದ್ದು, ಜತೆಗೆ ಹುಡ್ಕೋ ಎಂಬ ಕೇಂದ್ರದ ವಸತಿ ಸಾಲ ಸಂಸ್ಥೆಯಿಂದ ತೆಗೆದ ಸಾಲ. ಗೋಡೆಯ ಮೇಲೆ ಕೇಂದ್ರದ ಲಾಂಛನ ಹಾಕಬೇಕೋ ಬೇಡವೋ ಅಂತ ದಿಲ್ಲಿಗೂ ತಿರುವನಂತಪುರಕ್ಕೂ ಜಗಳ ನಡೆದದ್ದು ನೀವು ಓದಿರುತ್ತೀರಿ. ಗೋಡೆ ಎದ್ದರಲ್ವಾ ಲಾಂಛನ ಹಾಕುವುದು!

ಹಣ ಒಟ್ಟಿಗೆ ಬರುವುದಿಲ್ಲ, ಕಂತು ಕಂತಾಗಿ ಬರುತ್ತದೆ. ಪಂಚಾಂಗ (ಅಡಿಪಾಯ) ಮುಗಿಸಿದರೆ ಒಂದು ಕಂತು, ಲಿಂಟಲ್ ತನಕ ಕಟ್ಟಿದರೆ ಇನ್ನೊಂದು. ಅಂದರೆ ಮೊದಲು ಕೈಯಿಂದ ಹಾಕಬೇಕು, ಇಲ್ಲಾ ಸಿಮೆಂಟಿನ ಅಂಗಡಿಯಲ್ಲಿ ಕಡ ಹೇಳಬೇಕು. ವಿಇಒ (ಗ್ರಾಮ ವಿಸ್ತರಣಾ ಅಧಿಕಾರಿ) ಬಂದು ನೋಡಿ ಬರೆದ ಮೇಲೆ ದುಡ್ಡು. ದಿನಗೂಲಿಯವರಿಗೆ ಕಡ ಕೊಡುವವರು ಯಾರು? ನಮ್ಮ ಕಡೆ ಲಿಂಟಲಿನ ಮಟ್ಟಕ್ಕೆ ನಿಂತ ಮನೆಗಳನ್ನು ನೋಡಿ. ಕೆಂಪು ಕಲ್ಲಿನ ಮೇಲೆ ಪಾಚಿ, ಸಲಾಕೆಗೆ ತುಕ್ಕು, ಕಿಟಕಿಯ ಜಾಗಕ್ಕೆ ಗೊಬ್ಬರದ ಚೀಲ ಕಟ್ಟಿದ್ದು. ಒಳಗೆ ಹುಲ್ಲು ಬೆಳೆದಿರುತ್ತದೆ, ಮನೆಯವರು ಪಕ್ಕದ ಶೆಡ್ಡಿನಲ್ಲಿರುತ್ತಾರೆ. ಲೈಫಿನ ಮೊದಲ ಹಂತವೇ ಇಂಥ ಹಳೇ ಯೋಜನೆಗಳ ಅರ್ಧ ಮನೆಗಳನ್ನು ಮುಗಿಸುವುದಾಗಿತ್ತು. 2020ರ ಫೆಬ್ರವರಿ 29ರಂದು ಎರಡು ಲಕ್ಷ ಮನೆ ಆಯಿತು ಅಂತ ಘೋಷಿಸಿದರು. ಅದು ಸಣ್ಣ ಕೆಲಸವಲ್ಲ, ಒಪ್ಪಬೇಕು. ಆದರೆ ಆ ಕಾಲದ 4 ಲಕ್ಷಕ್ಕೆ ಎದ್ದ ಮನೆ ಇವತ್ತಿನ ಕಲ್ಲು, ಹೊಯ್ಗೆ, ಮೇಸ್ತ್ರಿ ಸಂಬಳಕ್ಕೆ ಏಳುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬರೆದರೆ ಏನಾಗುತ್ತದೆ ಅಂತ.

'ಬಡವರಿಗೆ ಮನೆ ಕೊಡಿ' ಅಂತ ಬರೆದರೆ ಏನೂ ಆಗುವುದಿಲ್ಲ. ಶಾಸಕರ ಆಫೀಸಿನಲ್ಲಿ ಅಂಥ ಕಾಗದದ ಕಟ್ಟೇ ಇರುತ್ತದೆ. ಅವರು ಸದನದಲ್ಲಿ ಮಾಡಬಹುದಾದ ಕೆಲಸವನ್ನೇ ಕೇಳಬೇಕು. ಉದಾಹರಣೆಗೆ, ಮಂಜೇಶ್ವರ ಮತ್ತು ಕಾಸರಗೋಡು ಕ್ಷೇತ್ರಗಳಲ್ಲಿ ಪಟ್ಟಿಯಲ್ಲಿದ್ದೂ ಮನೆ ಕಟ್ಟುವ ಕರಾರು ಪಂಚಾಯತಿನೊಂದಿಗೆ ಆಗದ ಕುಟುಂಬಗಳು ಪಂಚಾಯತಿಗೆ ಎಷ್ಟೆಷ್ಟು, ಕರಾರಾಗಿ ಕಂತು ನಿಂತವರು ಎಷ್ಟು, ಯಾವ ಫಂಡಿನ ಕಂತು ನಿಂತಿದೆ ಅಂತ ಪ್ರಶ್ನೆ ಹಾಕಲು ಹೇಳಿ. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದರೂ ಸಾಕು. ಲಿಖಿತ ಉತ್ತರ ಸಿಗುತ್ತದೆ, ಮಂತ್ರಿ ಸದನಕ್ಕೆ ಕೊಟ್ಟ ಮಾತು ಅದು. ಮೆಂಬರರ 'ಬರಬೇಕು'ಗಿಂತ ಆ ಒಂದು ಹಾಳೆಗೆ ತೂಕ ಜಾಸ್ತಿ. ನಮ್ಮ ಪತ್ರಿಕೆಗೆ ಅದನ್ನು ಹಿಡಿದು ಬರೆಯಲೂ ಬರುತ್ತದೆ.

ಇನ್ನೊಂದು ಬಾಗಿಲು ಕೇರಳದಲ್ಲಿ 1980ರಿಂದಲೇ ಇದೆ, ಸಬ್ಜೆಕ್ಟ್ ಕಮಿಟಿ, ಅಂದರೆ ಇಲಾಖೆವಾರು ಶಾಸಕರ ಸಮಿತಿ. ಒಟ್ಟು 14. ಬಜೆಟ್ ಮಂಡನೆಯಾದ ಮೇಲೆ ಇಲಾಖೆವಾರು ಬೇಡಿಕೆಗಳು ಈ ಸಮಿತಿಗಳ ಮುಂದೆ ಹೋಗುತ್ತವೆ. ಸ್ಥಳೀಯಾಡಳಿತ, ಗ್ರಾಮಾಭಿವೃದ್ಧಿ, ವಸತಿ ಇವೆಲ್ಲ ಒಂದೇ ಸಮಿತಿಯಲ್ಲಿವೆ. ಎಲ್ಲ ಪಕ್ಷದ ಶಾಸಕರೂ ಅಲ್ಲಿರುತ್ತಾರೆ. ಸದನದಲ್ಲಿ ಕೂಗಾಡುವವರೇ ಅಲ್ಲಿ ಕೂತು ಲೆಕ್ಕ ನೋಡುತ್ತಾರೆ. ನಾವು ಮಾತ್ರ ಬಜೆಟ್ ಪಾಸಾದ ಮೇಲೆ, ಜೂನಿನಲ್ಲಿ ಮಾಡು ಸೋರಲು ಶುರುವಾದಾಗ ಅರ್ಜಿ ಹಿಡಿದು ಹೊರಡುತ್ತೇವೆ. ಹೊತ್ತು ಮೀರಿರುತ್ತದೆ. ಅರ್ಜಿ ಹೋಗಬೇಕಾದ್ದು ಬಜೆಟ್ಟಿಗೂ ಮೊದಲು, ಅಡಿಕೆ ಕೊಯ್ಲಿನ ಕಾಲಕ್ಕೆ. ಜನರ ಅರ್ಜಿಗಳನ್ನು ನೋಡುವ ಸದನದ 'ಅರ್ಜಿ ಸಮಿತಿ'ಗೆ ಶಾಸಕರ ಮೂಲಕ ಕೊಡುವ ದಾರಿಯೂ ಇದೆ.

ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸೆಕ್ರೆಟರಿಯೇಟಿಗೂ ತಮ್ಮ ಭಾಷೆಯಲ್ಲಿ ಬರೆಯುವ ಹಕ್ಕು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಮಂಜೇಶ್ವರದ ಶಾಸಕರು 2021ರಲ್ಲಿ ಸದನದಲ್ಲಿ ಕನ್ನಡದಲ್ಲೇ ಪ್ರಮಾಣ ಮಾಡಿದ್ದರು. ಹಕ್ಕು ಇದ್ದ ಮಾತ್ರಕ್ಕೆ ಕೆಲಸ ಬೇಗ ಆಗುತ್ತದೆ ಅಂತ ನಾನು ಹೇಳಲಾರೆ. ಜತೆಗೊಂದು ಮಲಯಾಳಂ ಪ್ರತಿ ಇಟ್ಟರೆ ನಮ್ಮ ಮಾನವೇನೂ ಹೋಗುವುದಿಲ್ಲ. ಇದಕ್ಕೆ ಕೆಲವು ಓದುಗರು ನನ್ನನ್ನು ಬೈಯುತ್ತಾರೆ, ಬೈಯಲಿ. ಭಾಷೆಯ ಜಗಳದಲ್ಲಿ ಆ ಅಕ್ಕನ ಶೆಡ್ಡು ಇನ್ನೊಂದು ಮಳೆಗಾಲ ಸೋರಬಾರದು.

ಸದನದಿಂದ ಏನಾಗುತ್ತದೆ ಅನ್ನುವವರಿಗೆ ಕುಡಿಕಿಡಪ್ಪು, ಅಂದರೆ ಗುಡಿಸಲು ವಾಸಿಗಳ ಹಕ್ಕು, ನೆನಪಿಸಿ. ಧಣಿಗಳ ಜಾಗದಲ್ಲಿ ಗುಡಿಸಲು ಹಾಕಿಕೊಂಡು 'ಏಳು' ಅಂದರೆ ಏಳಬೇಕಾಗಿದ್ದ ಜನರಿಗೆ, 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಪಂಚಾಯತ್ ಪ್ರದೇಶದಲ್ಲಿ ಹತ್ತು ಸೆಂಟ್ಸ್ ತನಕ ಕಡಿಮೆ ಬೆಲೆಗೆ ತಮ್ಮದಾಗಿಸಿಕೊಳ್ಳುವ ಹಕ್ಕು ಕೊಟ್ಟಿತು. ಅದು ಯೋಜನೆಯಲ್ಲ, ಕಾನೂನು. ಫಂಡ್ ಬರಬೇಕು ಅಂತ ಯಾರೂ ಹೇಳುವಂತಿರಲಿಲ್ಲ. 1972ರ ಲಕ್ಷಂ ವೀಡು (ಲಕ್ಷ ಮನೆ) ಬೇರೆ ಥರ, ಎರಡು ಸಂಸಾರಕ್ಕೆ ನಡುವೆ ಒಂದೇ ಗೋಡೆಯ ಜೋಡಿ ಮನೆ. ಅದು ಯೋಜನೆ. ಲೈಫೂ ಯೋಜನೆಯೇ. ನನ್ನ ಅಭಿಪ್ರಾಯ ಕೇಳಿದರೆ, ಪಟ್ಟಿಯಲ್ಲಿ ಹೆಸರು ಬಂದವರಿಗೆ ಇಂತಿಷ್ಟು ಕಾಲದೊಳಗೆ ಕರಾರು ಮಾಡಿಕೊಡಲೇಬೇಕು ಅನ್ನುವ ಅವಧಿಯನ್ನು ಸದನ ಬರೆದು ಕೊಡಬೇಕು. ನಿಮ್ಮ ಅರ್ಜಿಯಲ್ಲಿ ಇದೂ ಒಂದು ಸಾಲು ಇರಲಿ.

ಇಲ್ಲಿನ ಬುಡಕಟ್ಟು ಜನರಾದ ಕೊರಗರ ಮನೆಗಳ ವಿಷಯ ಬೇರೆಯೇ. ಅವರಿಗೆ 2023ರ ನವೆಂಬರಿನಲ್ಲಿ ತೀರಾ ಹಿಂದುಳಿದ ಬುಡಕಟ್ಟುಗಳಿಗೆಂದು ಕೇಂದ್ರ ಶುರು ಮಾಡಿದ ಪಿಎಂ ಜನ್‌ಮನ್ ಯೋಜನೆ ಅನ್ವಯಿಸುತ್ತದೆ. ಅದನ್ನು ಇನ್ನೊಂದು ಸಂಚಿಕೆಗೆ ಇಡುತ್ತೇನೆ.

ಇಷ್ಟೆಲ್ಲ ಹೇಳಿ ಗ್ರಾಮಸಭೆಯನ್ನು ಬಿಡುವಂತಿಲ್ಲ. ಶಾಲೆಯ ಜಗಲಿಯಲ್ಲಿ ರಿಜಿಸ್ಟರಿಗೆ ಸಹಿ ಹಾಕಿ, ಕೋರಂ ಆಯಿತು ಅಂತ ಬಸ್ಸಿಗೆ ಓಡುವವರೇ ಜಾಸ್ತಿ. ನೀವು ಕೂತುಕೊಳ್ಳಿ. ರೇಷನ್ ಕಾರ್ಡಿನ ನಿಯಮ ಬದಲಿಸಬೇಕೆಂದು ಒಂದು ಠರಾವು ಮಂಡಿಸಿ, ಮಿನಿಟ್ಸಿನಲ್ಲಿ ಬರೆಯುವ ತನಕ ಏಳಬೇಡಿ. ನಿಮ್ಮೊಬ್ಬರ ಸಹಿಯ ಕಾಗದಕ್ಕಿಂತ ನಾಲ್ಕೈದು ವಾರ್ಡುಗಳ ಗ್ರಾಮಸಭೆಯ ಠರಾವು ಶಾಸಕರ ಕೈಗೆ ಹೋದರೆ ಅವರಿಗೂ ಸದನದಲ್ಲಿ ಮಾತಾಡಲು ಬಲ.

ಅರ್ಜಿಯ ಕರಡು ಬರೆದು ನನಗೆ ಕಳಿಸಿ, ತಿದ್ದಿ ಕೊಡುತ್ತೇನೆ. ಆ ಅಕ್ಕನ ಹೆಸರು, ಶೆಡ್ಡಿನ ಫೋಟೊ ಹಾಕುವ ಮೊದಲು ಅವರನ್ನು ಕೇಳಿ. ಹೆಣ್ಣುಮಕ್ಕಳು ಶಾಲೆಗೆ ಹೋಗುವವರು. ಬೇಡ ಅಂದರೆ ಬೇಡ, 'ಒಂದು ಕುಟುಂಬ' ಅಂತ ಬರೆದರೂ ಅರ್ಜಿ ನಡೆಯುತ್ತದೆ. ಮತ್ತೆ ಅವರ ಅಣ್ಣನ ಹತ್ತಿರ ಮೂರು ಸೆಂಟ್ಸ್ ಜಾಗ ತಂಗಿಯ ಹೆಸರಿಗೆ ಬರೆದುಕೊಡುತ್ತೀರಾ ಅಂತ ನೀವೇ ಕೇಳಿನೋಡಿ. ನಿಮ್ಮ ಶಿಷ್ಯನೇ ಇರಬೇಕು, ಇಲ್ಲ ಅನ್ನಲಿಕ್ಕಿಲ್ಲ.

– ಸಂಪಾದಕ