ಒಂದನೇ ಕ್ಲಾಸಿನ ಮಕ್ಕಳು ಫುಟ್‌ಬಾಲ್ ಆಡುವಾಗ ಎಲ್ಲರೂ ಚೆಂಡಿನ ಹಿಂದೆಯೇ ಯಾಕೆ ಓಡುತ್ತಾರೆ?

ಮಾತು ಕೇಳದೆ ಅಲ್ಲ. ಚೆಂಡು, ಜೊತೆಗಾರ, ಖಾಲಿ ಜಾಗ, ಈ ಮೂರನ್ನೂ ಒಟ್ಟಿಗೆ ಗಮನಿಸುವುದು ಆರು ವರ್ಷದ ಮಗುವಿಗೆ ಇನ್ನೂ ಕಷ್ಟ. ಎದ್ದು ಕಾಣುವ ಒಂದೇ ಸಂಗತಿಗೆ ಅದರ ಗಮನ ಅಂಟಿಕೊಳ್ಳುತ್ತದೆ.

ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ಇದನ್ನು ನೀರಿನಲ್ಲಿ ತೋರಿಸಿದರು. ಅಗಲ ಲೋಟದ ನೀರನ್ನು ಮಗುವಿನ ಎದುರೇ ಸಪೂರ, ಉದ್ದ ಲೋಟಕ್ಕೆ ಸುರಿಯಿರಿ. ‘ನೀರು ಜಾಸ್ತಿ ಆಯ್ತು’ ಅನ್ನುತ್ತದೆ! ಎತ್ತರ ಕಂಡಿತು, ಅಗಲ ಮರೆತುಹೋಯಿತು. ಮೈದಾನದಲ್ಲೂ ಅದೇ ಅಲ್ವಾ? ಚೆಂಡು ಕಂಡಿತು, ಜೊತೆಗಾರ ಮರೆತುಹೋದ.

ಸುಮಾರು 7ರಿಂದ 11 ವರ್ಷದೊಳಗೆ ಎರಡನ್ನೂ ಕೂಡಿಸಿ ನೋಡಲು ಬರುತ್ತದೆ, ಆದರೆ ವಿಷಯ ಕಣ್ಣೆದುರು ಇರಬೇಕು. ಬೋರ್ಡ್ ಮೇಲೆ ಬಾಣ ಬರೆದು ತಂತ್ರ ವಿವರಿಸುವುದು ಹೈಸ್ಕೂಲಿಗಿರಲಿ. ಈ ವಯಸ್ಸಿನ ಗೆರೆ ಎಲ್ಲ ಮಕ್ಕಳಿಗೂ ಒಂದೇ ಅಲ್ಲ, ಪಿಯಾಜೆ ಚಿಕ್ಕವರನ್ನು ಸ್ವಲ್ಪ ಕಡಿಮೆಯೇ ಅಂದಾಜು ಮಾಡಿದರು ಅನ್ನುವವರೂ ಇದ್ದಾರೆ.

ನಾನು ಉಡುಪಿ ಕಡೆಯ ಪಿಟಿ ಮಾಸ್ಟ್ರು. ಚಿಕ್ಕವರಿಗೆ ಖೋಖೋ ನಿಯಮ ಕೊರೆಯುವುದನ್ನು ಬಿಟ್ಟಿದ್ದೇನೆ. ಅವರಿಗೆ ಕುಂಟೆಬಿಲ್ಲೆ, ಕೆರೆ-ದಡ, ತಲೆಗೊಂದು ಚೆಂಡು. ಮೂರನೇ ಕ್ಲಾಸಿಗೆ ಇಬ್ಬಿಬ್ಬರ ಪಾಸ್. ‘ಖಾಲಿ ಜಾಗಕ್ಕೆ ಹೋಗು’ ಅಂದರೆ ಕಣ್ಣು ಪಿಳಿಪಿಳಿ ಬಿಡುತ್ತಿದ್ದ ಹುಡುಗಿ, ನೆಲದ ಮೇಲೆ ಸುಣ್ಣದ ವೃತ್ತ ಎಳೆದದ್ದೇ ತಡ, ಓಡಿ ಅದರೊಳಗೆ ನಿಂತಳು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಸುಣ್ಣ ನಿಲ್ಲುವುದಿಲ್ಲ, ಆಗ ಹಳೇ ಸೈಕಲ್ ಟೈರ್ ಸಾಕು.