ಜ್ವರವೇ ಇಲ್ಲ, ಆದರೂ ಮನೆಯಲ್ಲೇ ಇರಬೇಕಾ?

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆಯ ಬೇರೆ ಬೇರೆ ವೇಷ. ಹೋದ ಸಲವೂ ಇದೇ ಕಥೆ. ಹಾಗಾಗಿ ಇವತ್ತಿನ ಜಾಗ ಬಹುತೇಕ ಅದಕ್ಕೇ. ಉಳಿದವರು ಒಂದು ಸಾಲಿನ ಉತ್ತರಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಲಸಿಕೆ ಅಂದರೇನು, ವೈರಸ್ ಅಂದರೇನು ಎಂದು ಮೊದಲಿನಿಂದ ಹೇಳುತ್ತಾ ಕೂರುವ ತಾಳ್ಮೆ ನನಗಿಲ್ಲ.

ಪ್ರಶ್ನೆ: ನನ್ನ ಆರು ವರ್ಷದ ಮಗನ ತರಗತಿಯಲ್ಲಿ ಒಂದು ಮಗುವಿಗೆ ದಡಾರ ಬಂದಿದೆ. ನಾವು ಮಗನಿಗೆ ದಡಾರದ ಲಸಿಕೆ ಹಾಕಿಸಿರಲಿಲ್ಲ. ಈಗ ಆರೋಗ್ಯ ಇಲಾಖೆಯವರು 21 ದಿನ ಶಾಲೆಗೆ ಕಳಿಸಬೇಡಿ ಎನ್ನುತ್ತಿದ್ದಾರೆ. ಅವನು ಗುಂಡುಕಲ್ಲಿನ ಹಾಗಿದ್ದಾನೆ. ಐದನೇ ದಿನ ರಕ್ತ ಪರೀಕ್ಷೆಯನ್ನೂ ಮಾಡಿಸಿದೆವು, ಏನೂ ಇಲ್ಲ ಎಂದು ಬಂತು. ಆರೋಗ್ಯವಾಗಿರುವ ಮಗುವನ್ನು ಕೂಡಿಹಾಕುವುದು ಯಾವ ನ್ಯಾಯ?

ಗುಂಡುಕಲ್ಲಿನ ಹಾಗಿದ್ದಾನೆ ಅಂತಲೇ ಅವನಿಗೆ ಕ್ವಾರಂಟೈನ್. ಕಾಯಿಲೆ ಬಿದ್ದಿದ್ದರೆ ಅದನ್ನು ಐಸೋಲೇಷನ್ ಎನ್ನುತ್ತಿದ್ದೆವು. ಎರಡೂ ಒಂದೇ ಎಂದುಕೊಂಡು ಜಗಳಕ್ಕೆ ಬರುವವರೇ ಜಾಸ್ತಿ. ಐಸೋಲೇಷನ್ ಕಾಯಿಲೆ ಬಂದವರಿಗೆ. ಕ್ವಾರಂಟೈನ್ ಸೋಂಕಿನ ಹತ್ತಿರ ಸುಳಿದು, ಇನ್ನೂ ಏನೂ ತೋರಿಸದೆ ಇರುವವರಿಗೆ.

ಈಗ ದಡಾರದ ಲೆಕ್ಕ ನೋಡಿ. ವೈರಸ್ ದೇಹ ಹೊಕ್ಕ ಮೇಲೆ ಜ್ವರ ಬರಲು ಸಾಮಾನ್ಯವಾಗಿ 10ರಿಂದ 12 ದಿನ, ದದ್ದು ಏಳಲು ಸುಮಾರು 14 ದಿನ. ಕೆಲವರಲ್ಲಿ ಏಳೇ ದಿನಕ್ಕೆ ದದ್ದು, ಕೆಲವರಲ್ಲಿ 21 ದಿನ. ನಿಮ್ಮ ಕೈಗೆ ಬಂದ ಆದೇಶದಲ್ಲಿ 21 ಅಂತ ಇರುವುದು ಇದೇ ಲೆಕ್ಕದಿಂದ. ಯಾವ ಅಧಿಕಾರಿಯೂ ಮನಸ್ಸಿಗೆ ಬಂದ ಹಾಗೆ ಬರೆದದ್ದಲ್ಲ. ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯ: ದದ್ದು ಏಳುವ ನಾಲ್ಕು ದಿನ ಮೊದಲಿನಿಂದಲೇ ಮಗು ಸೋಂಕು ಹರಡುತ್ತದೆ. ಆ ನಾಲ್ಕು ದಿನ ಮೇಲ್ನೋಟಕ್ಕೆ ಏನಿರುತ್ತದೆ? ಸ್ವಲ್ಪ ಜ್ವರ, ಸೋರುವ ಮೂಗು, ಕೆಮ್ಮು, ಕೆಂಪು ಕಣ್ಣು. ಯಾವ ಮನೆಯಲ್ಲಾದರೂ ಇದಕ್ಕೆ 'ನೆಗಡಿ' ಅಂತಲೇ ಹೆಸರು. ನೆಗಡಿ ಅಂದುಕೊಂಡು ಶಾಲೆಗೆ ಕಳಿಸುತ್ತೀರಿ. ದದ್ದು ಕಾಣುವ ಹೊತ್ತಿಗೆ ತರಗತಿ ಪೂರ್ತಿ ಹರಡಿರುತ್ತದೆ. ನಿಮ್ಮ ಮಗನಿಗೂ ಸೋಂಕು ತಗಲಿರಬಹುದಾದದ್ದು ಹೀಗೆಯೇ ಅಲ್ವಾ? ಆ ಇನ್ನೊಂದು ಮಗುವಿನ ಮನೆಯವರೂ 'ಬರೀ ನೆಗಡಿ' ಎಂದೇ ಕಳಿಸಿದ್ದರು.

ಇನ್ನು ಆ ರಕ್ತ ಪರೀಕ್ಷೆ. ದುಡ್ಡು ದಂಡ. ದಡಾರಕ್ಕೆ ನೋಡುವ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನುಗಳು, ರಕ್ತದಲ್ಲಿ ಕಾಣಿಸುವುದೇ ದದ್ದು ಏಳುವ ಆಸುಪಾಸಿನಲ್ಲಿ. ಐದನೇ ದಿನ ಹುಡುಕಿದರೆ ಏನು ಸಿಗುತ್ತದೆ? 'ಏನೂ ಇಲ್ಲ' ಎಂಬ ಆ ಚೀಟಿಯನ್ನು ಶಾಲೆಯ ಮೇಜಿನ ಮೇಲಿಟ್ಟು ವಾದ ಮಾಡುವ ಪೋಷಕರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ಬರೆದುಕೊಟ್ಟವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟು.

ದಿನ ಎಣಿಸುವುದರಲ್ಲೂ ಎಡವುತ್ತೀರಿ. ಎಣಿಕೆ ಶುರುವಾಗುವುದು ಕಾಯಿಲೆ ಬಂದ ಮಗುವಿನ ಜೊತೆ ಕೊನೆಯ ಸಲ ಇದ್ದ ದಿನದಿಂದ. ಆ ದಿನವನ್ನು ಸೊನ್ನೆ ಎಂದು ಹಿಡಿಯಿರಿ. ಆದೇಶ ಕೈಸೇರಿದ ದಿನದಿಂದಲೂ ಅಲ್ಲ, ಮೊದಲ ಸಲ ಒಟ್ಟಿಗೆ ಆಡಿದ ದಿನದಿಂದಲೂ ಅಲ್ಲ. ನಡುವೆ ಮನೆಯಲ್ಲೇ ಇನ್ನೊಂದು ಮಗುವಿಗೆ ದಡಾರ ಬಂದರೆ ಎಣಿಕೆ ಮತ್ತೆ ಹೊಸದಾಗಿ ಶುರು. ಪಾಪ ಅನ್ನಿಸುತ್ತದೆ, ಆದರೆ ವೈರಸ್ಸಿಗೆ ಪಾಪ ಪುಣ್ಯ ಗೊತ್ತಿಲ್ಲ.

ಈ 21 ದಿನ ತಪ್ಪಿಸಿಕೊಳ್ಳಲು ಒಂದು ದಾರಿ ಇತ್ತು. ಸೋಂಕಿತರ ಸಂಪರ್ಕಕ್ಕೆ ಬಂದ 72 ಗಂಟೆಯೊಳಗೆ ಲಸಿಕೆ ಹಾಕಿಸಿದರೆ ಕಾಯಿಲೆ ಬಾರದೆ ಹೋಗಬಹುದು. ಹಾಗೆ ಹಾಕಿಸಿಕೊಂಡ ಮಕ್ಕಳನ್ನು ಬಹಳ ಕಡೆ ಶಾಲೆಗೆ ಬಿಟ್ಟುಕೊಳ್ಳುತ್ತಾರೆ. ನೀವು ಆ ಮೂರು ದಿನ ಪರೀಕ್ಷೆ ಎಲ್ಲಿ ಮಾಡಿಸುವುದು ಎಂದು ವಿಚಾರಿಸುತ್ತಾ ಕಳೆದಿರಿ. ಆರು ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದು ಕೊಡುವುದೂ ಉಂಟು. ಅದು ಮುಖ್ಯವಾಗಿ ಹಸುಗೂಸುಗಳಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ, ಲಸಿಕೆ ಆಗಿರದ ಗರ್ಭಿಣಿಯರಿಗೆ. ಗರ್ಭಿಣಿಯರಿಗೆ ದಡಾರದ ಲಸಿಕೆ ಕೊಡುವುದಿಲ್ಲ, ನೆನಪಿರಲಿ. ಈ ಚುಚ್ಚುಮದ್ದು ಪಡೆದವರಲ್ಲಿ ಕಾಯಿಲೆ ತಡವಾಗಿ ಕಾಣಿಸಬಹುದು. ಹಾಗಾಗಿ ಅವರ ಮೇಲೆ 28 ದಿನ ಕಣ್ಣಿಡುತ್ತಾರೆ.

ಅವಧಿ ಮೀರಿದ್ದರೂ ನಿಮ್ಮ ಮಗನಿಗೆ ಲಸಿಕೆ ಹಾಕಿಸಿ. ಈ ಸಲ ತಡೆಯದೆ ಇರಬಹುದು. ಸೋಂಕು ತಗಲಿರದಿದ್ದರೆ ಮುಂದಿನ ಸಲಕ್ಕಂತೂ ಕಾಯುತ್ತದೆ. 'ಲಸಿಕೆ ಯಾಕೆ, ಬಂದು ಹೋದರೆ ಗಟ್ಟಿಯಾಗುತ್ತಾನೆ' ಎಂದು ನಿಮ್ಮ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಗಟ್ಟಿಯಾಗುವುದಿಲ್ಲ. ಬೇರೆ ಕಾಯಿಲೆಗಳ ವಿರುದ್ಧ ದೇಹ ಕಲಿತದ್ದನ್ನೂ ದಡಾರ ಅಳಿಸಿಹಾಕುತ್ತದೆ. ನ್ಯುಮೋನಿಯಾ ಬರಬಹುದು. ಸಾವಿರಕ್ಕೆ ಒಬ್ಬರ ಲೆಕ್ಕದಲ್ಲಿ ಮೆದುಳಿನ ಉರಿಯೂತ. ಇದೆಲ್ಲ ದಾಟಿದ ಮೇಲೂ, ಅಪರೂಪಕ್ಕೆ, ಏಳೆಂಟು ವರ್ಷ ಬಿಟ್ಟು ಮೆದುಳು ಕ್ಷೀಣಿಸುವ ಕಾಯಿಲೆ ಬರುತ್ತದೆ. ಅದಕ್ಕೆ ಮದ್ದಿಲ್ಲ.

ಕಡೆಯ ಮಾತು. ಜ್ವರ ಬಂದರೆ ಮಗನನ್ನು ಎತ್ತಿಕೊಂಡು ಸೀದಾ ಆಸ್ಪತ್ರೆಗೆ ನುಗ್ಗಬೇಡಿ. ಮೊದಲು ಫೋನ್ ಮಾಡಿ, ದಡಾರದ ಸಂಪರ್ಕ ಇತ್ತು ಎಂದು ಹೇಳಿ. ಸೋಂಕಿತರು ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಉಳಿಯಬಹುದು. ಹೊರಗಿನ ಬೆಂಚಿನಲ್ಲಿ ನಿಮ್ಮ ಪಕ್ಕ ಯಾರ ಹಸುಗೂಸು ಕೂತಿರುತ್ತದೋ.

ಪ್ರಶ್ನೆ: ನನ್ನನ್ನು ಕೇಳದೆ ವೈದ್ಯರು ನನ್ನ ಕಾಯಿಲೆಯನ್ನು ಇಲಾಖೆಗೆ ತಿಳಿಸಿದ್ದಾರೆ. ಲ್ಯಾಬ್ ವರದಿ ಕೂಡ ಬಂದಿರಲಿಲ್ಲ. ಇದು ಸರಿಯಾ?

ಸರಿ. ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದ್ದರೆ ವೈದ್ಯರು ನಿಮ್ಮ ಒಪ್ಪಿಗೆ ಕೇಳಬೇಕಾಗಿಲ್ಲ. ಪಟ್ಟಿಯಲ್ಲಿರುವ ಎಷ್ಟೋ ಕಾಯಿಲೆಗಳಲ್ಲಿ ಅನುಮಾನವಿದ್ದಾಗಲೇ ತಿಳಿಸಬೇಕು. ಲ್ಯಾಬಿನವರು ಉತ್ತರ ಹೇಳುವವರೆಗೆ ಕಾದರೆ ಆ 72 ಗಂಟೆ ಯಾರಿಗೂ ಉಳಿಯುವುದಿಲ್ಲ. ವರದಿ ಇಲಾಖೆಗೆ ಹೋಗಬೇಕು, ನೆರೆಹೊರೆಗಲ್ಲ. ನಿಮ್ಮ ಹೆಸರು ಬೀದಿಗೆ ಬಂದಿದ್ದರೆ ದೂರು ಕೊಡಿ, ನಾನು ನಿಮ್ಮ ಪರ. ಆದರೆ ಇಲಾಖೆಯಿಂದ ಫೋನ್ ಬಂದರೆ ನಿಜ ಹೇಳಿ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಪತ್ತೆ ಮಾಡುವ ಕೆಲಸದಲ್ಲಿ ನಾನಿದ್ದಾಗ ಒಂದು ಮನೆಯವರು 'ಮಗು ಎಲ್ಲೂ ಹೋಗಿಲ್ಲ' ಎಂದು ಮೂರು ಸಲ ಹೇಳಿದರು. ಟ್ಯೂಷನ್ ವಿಷಯ ಗೊತ್ತಾಗಿದ್ದು ಅಲ್ಲಿನ ಇನ್ನಿಬ್ಬರು ಮಕ್ಕಳು ಕಾಯಿಲೆ ಬಿದ್ದ ಮೇಲೆ.

ಪ್ರಶ್ನೆ: ಒಂದೇ ಒಂದು ಕೇಸಿಗೆ ಇಷ್ಟೊಂದು ಗದ್ದಲ ಯಾಕೆ?

2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ಸಿಡುಬು, ವೈಲ್ಡ್ ಪೋಲಿಯೊ (ಲಸಿಕೆಯದಲ್ಲ, ನಿಸರ್ಗದಲ್ಲಿರುವ ವೈರಸ್ಸಿನದು), ಸಾರ್ಸ್ ಎಂಬ ಉಸಿರಾಟದ ಕಾಯಿಲೆ, ಮನುಷ್ಯರಲ್ಲಿ ಹೊಸ ಬಗೆಯ ಫ್ಲೂ, ಇವುಗಳ ಒಂದು ಕೇಸು ಕಂಡರೂ ದೇಶ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ದಡಾರ ಆ ಪಟ್ಟಿಯಲ್ಲಿಲ್ಲ. ಆದರೆ ರಕ್ಷಣೆ ಇಲ್ಲದ ಹತ್ತು ಜನ ಸೋಂಕಿತರ ಹತ್ತಿರ ಇದ್ದರೆ ಒಂಬತ್ತು ಜನಕ್ಕೆ ಅದು ತಗಲುತ್ತದೆ. ಗದ್ದಲ ಬೇಕಲ್ಲ?

ಪ್ರಶ್ನೆ: ಲಸಿಕೆ ಕಾರ್ಡ್ ಕಳೆದುಹೋಗಿದೆ. ಎರಡನೇ ಡೋಸ್ ಆಗಿದೆಯೋ ಇಲ್ಲವೋ ನೆನಪಿಲ್ಲ.

ಹಾಕಿಸಿ. ಮಗು ಆರೋಗ್ಯವಾಗಿದ್ದರೆ ಒಂದು ಡೋಸ್ ಹೆಚ್ಚಾದರೆ ತೊಂದರೆ ಇಲ್ಲ, ಕಮ್ಮಿಯಾದರೆ ಇದೆ.

ಪ್ರಶ್ನೆ: ಲಸಿಕೆ ಹಾಕಿಸಿ ಎಂಟು ದಿನಕ್ಕೆ ಜ್ವರ, ಸಣ್ಣ ದದ್ದು. ದಡಾರವೇ ಬಂತಾ?

ಮಗು ಈಚೆಗೆ ದಡಾರದವರ ಹತ್ತಿರ ಹೋಗಿರದಿದ್ದರೆ ಇದು ಬಹುಮಟ್ಟಿಗೆ ಲಸಿಕೆಯದೇ ಜ್ವರ, ಅದು ಬೇರೆಯವರಿಗೆ ಹರಡುವುದಿಲ್ಲ. ಹೋಗಿದ್ದರೆ ವೈದ್ಯರಿಗೆ ಫೋನ್ ಮಾಡಿ.

ಪ್ರಶ್ನೆ: ಲಸಿಕೆಯಿಂದ ಆಟಿಸಂ ಬರುತ್ತದಂತೆ?

ಹಾಗೆಂದು ಹುಯಿಲೆಬ್ಬಿಸಿದ್ದು 1998ರ ಒಂದು ಲೇಖನ. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ವಾಪಸ್ ಪಡೆಯಿತು. ಈ ಪ್ರಶ್ನೆಗೆ ಇನ್ನು ಮುಂದೆ ಉತ್ತರಿಸುವುದಿಲ್ಲ.

ಪ್ರಶ್ನೆ: ಲಸಿಕೆಯ ಬದಲು ವಿಟಮಿನ್ ಎ ಕೊಟ್ಟರೆ ಸಾಲದೇ?

ಸಾಲದು. ದಡಾರ ಬಂದ ಮಗುವಿಗೆ ವೈದ್ಯರು ಅಳತೆ ನೋಡಿ ಕೊಡುತ್ತಾರೆ, ಬಾರದಂತೆ ಅದು ತಡೆಯುವುದಿಲ್ಲ. ಸಾಮಾಜಿಕ ಜಾಲತಾಣದ ಪಂಡಿತರ ಮಾತು ಕೇಳಿ ಚಮಚಗಟ್ಟಲೆ ಕುಡಿಸಿದರೆ ಯಕೃತ್ತು ಕೆಡುತ್ತದೆ.